ಸೋತವರು ಮನೆಗೆ ಹೋಗುವುದಿಲ್ಲ

ಲೀಚೆಸ್ ಎಂಬ ಚದುರಂಗದ ತಾಣದಲ್ಲಿ ಖಾತೆ ತೆರೆದ ಕೂಡಲೇ, ನೀವು ಯಾರು ಎತ್ತ ಎಂದು ವಿಚಾರಿಸದೆ, 1500 ಅಂಕ ಕೊಟ್ಟುಬಿಡುತ್ತಾರೆ. ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ, ಜಾತಿ-ಆದಾಯ ಪ್ರಮಾಣಪತ್ರದ ಜೆರಾಕ್ಸ್ ಕೂಡ ಬೇಡ. ಎಸ್ಸೆಲ್ಸಿ ಗಣಿತದಲ್ಲಿ 35 ದಾಟಲು ಊರ ದೇವರಿಗೂ ಪಕ್ಕದೂರ ದೇವರಿಗೂ ಏಕಕಾಲಕ್ಕೆ ಹರಕೆ ಹೊತ್ತ ನನ್ನಂಥವನಿಗೆ ಇದು ಸಣ್ಣ ಗೌರವವಲ್ಲ. ಆದರೆ ಆ 1500ರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಕೊಟ್ಟದ್ದೇನೋ ಕೊಟ್ಟಿದ್ದೇವೆ, ನಂಬಿಲ್ಲ ಎಂದು ಅದರ ಅರ್ಥ.

ಆಟಗಾರನ ಯೋಗ್ಯತೆಯನ್ನು ಒಂದು ಸಂಖ್ಯೆಯಲ್ಲಿ ಹೇಳಿಬಿಡುವ ಈ ಪದ್ಧತಿಯ ಮೂಲಪುರುಷ ಆರ್ಪಾಡ್ ಎಲೊ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದ ಮೇಷ್ಟ್ರು. ಅವರ ಲೆಕ್ಕವನ್ನು ವಿಶ್ವ ಚದುರಂಗ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಆಮೇಲೆ ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ಬಂದು, ಬರೀ ಸಂಖ್ಯೆ ಸಾಲದು, ಆ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎನ್ನುವುದಕ್ಕೂ ಇನ್ನೊಂದು ಸಂಖ್ಯೆ ಇರಲಿ ಎಂದರು. ಲೀಚೆಸ್ ಅನುಸರಿಸುವುದು ಇವರ ಗ್ಲಿಕೊ-2 ಲೆಕ್ಕವನ್ನು. ಹೊಸಬನ ವಿಷಯದಲ್ಲಿ ಅನುಮಾನ ಜಾಸ್ತಿ, ಹಾಗಾಗಿ ಮೊದಲ ಕೆಲವು ಆಟಗಳಲ್ಲಿ ಒಂದೊಂದು ಸೋಲಿಗೂ ಅಂಕ ದಪದಪ ಉದುರುತ್ತದೆ. ಅನುಮಾನದ ಅಳತೆ 110ಕ್ಕಿಂತ ಕೆಳಗಿಳಿದಾಗ ಪ್ರಶ್ನಾರ್ಥಕ ಚಿಹ್ನೆ ಅಳಿಸಿಹೋಗುತ್ತದೆ. ನನ್ನ ಅಂಕ ಇಳಿಯುತ್ತ ಇಳಿಯುತ್ತ ಸಾವಿರದ ಕೆಳಗೆಲ್ಲೋ ಹೋಗಿ ತಂಗಿತು. ಅಲ್ಲಿ ತಂಗಿದ ದಿನವೇ ಚಿಹ್ನೆಯೂ ಮಾಯ. ಅರವತ್ತು ದಾಟಿದರೂ ನನ್ನ ಬಗ್ಗೆ ನನಗಿರುವ ಅನುಮಾನಗಳು ಬಗೆಹರಿದಿಲ್ಲ. ಅವರಿಗೆ ವಾರದೊಳಗೆ ಬಗೆಹರಿದವು.

ನಿವೃತ್ತಿಯ ಮೇಲೆ ಹೀಗೆ ಚದುರಂಗದ ಹುಚ್ಚು ಹತ್ತಿದ್ದಕ್ಕೆ ಚೆನ್ನೈನ ಗುಕೇಶ್ ಕಾರಣ ಎಂದು ಮನೆಯಲ್ಲಿ ಹೇಳಿದ್ದೇನೆ. 2024ರ ಡಿಸೆಂಬರಿನಲ್ಲಿ ಆ ಹುಡುಗ ಸಿಂಗಪುರದಲ್ಲಿ ಡಿಂಗ್ ಲಿರೆನ್‌ರನ್ನು ಸೋಲಿಸಿ, ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆಗಿ, ಕಾಯಿಗಳನ್ನು ಮತ್ತೆ ಜೋಡಿಸಿಡುತ್ತ ಅತ್ತನಲ್ಲ, ಅದನ್ನು ಟೀವಿಯಲ್ಲಿ ನೋಡಿ ನಮ್ಮ ಬಡಾವಣೆಯ ಅರ್ಧ ಮಕ್ಕಳು ಚೆಸ್ ತರಗತಿಗೆ ಸೇರಿದರು. ಅವರಲ್ಲೊಬ್ಬ ನಮ್ಮ ಎದುರುಮನೆಯವನು. ನನ್ನ ಫೋನಿಗೆ ಆ್ಯಪ್ ಹಾಕಿಕೊಟ್ಟವನು ಅವನೇ. "ಅಂಕಲ್, ಸುಮ್ನೆ ಒಂದೊಂದೇ ಆಟ ಆಡ್ಬೇಡಿ, ಟೂರ್ನಮೆಂಟ್ ಆಡಿ" ಎಂದ. ನನಗೆ ನಗು ಬಂತು. ಟೂರ್ನಮೆಂಟ್ ಎಂದರೆ ತಾಲೂಕು ಮಟ್ಟ, ಜಿಲ್ಲಾ ಮಟ್ಟ, ಶಾಲು, ಟ್ರೋಫಿ, ಶಾಸಕರ ಭಾಷಣ ಎಂದು ತಿಳಿದಿದ್ದವನು ನಾನು. ಹುಡುಗ ಒಂದು ಗುಂಡಿ ಒತ್ತಿ ತೋರಿಸಿದ. ಆ ಗಳಿಗೆಯಲ್ಲಿ ನಡೆಯುತ್ತಿದ್ದ ಟೂರ್ನಮೆಂಟುಗಳ ಪಟ್ಟಿ ಬಂತು. ಗಂಟೆಗೊಂದು ಇರುತ್ತದೆ. ದಿನಕ್ಕೊಂದು ದೊಡ್ಡದು, ವಾರಕ್ಕೊಂದು ಇನ್ನೂ ದೊಡ್ಡದು, ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ನಡೆಯುವ ಮ್ಯಾರಥಾನ್ ಕೂಡ ಉಂಟು. ಪ್ರವೇಶ ಶುಲ್ಕವಿಲ್ಲ, ಜಾಹೀರಾತೂ ಇಲ್ಲ. ಥಿಬೋ ದ್ಯುಪ್ಲೆಸಿ ಎಂಬ ಫ್ರಾನ್ಸಿನ ತಂತ್ರಜ್ಞ 2010ರಲ್ಲಿ ಶುರುಮಾಡಿದ ಈ ತಾಣ ಜನರ ದೇಣಿಗೆಯಿಂದ ನಡೆಯುತ್ತದಂತೆ. ಶಾಸಕರ ಭಾಷಣವಿಲ್ಲದೆ ಪಂದ್ಯಾವಳಿಯೊಂದು ಶುರುವಾಗುವುದನ್ನು ನಾನು ನೋಡಿದ್ದು ಇದೇ ಮೊದಲು.

ಗಂಟೆಗೊಂದು ನಡೆಯುವ ಈ ಬಗೆಗೆ ಅರೀನಾ ಎನ್ನುತ್ತಾರೆ. ಇಷ್ಟು ಸುತ್ತು ಎಂದಿಲ್ಲ, ಇಷ್ಟು ಹೊತ್ತು ಎಂದಿರುತ್ತದೆ. ಆ ಹೊತ್ತಿನೊಳಗೆ ನೀವು ಯಾವಾಗ ಬೇಕಾದರೂ ಬರಬಹುದು. ಬಂದವರನ್ನು ಯಂತ್ರ ತನ್ನ ಪಾಡಿಗೆ ಜೋಡಿ ಮಾಡುತ್ತದೆ. ಪಟ್ಟಿಯಲ್ಲಿ ನೀವು ಎಲ್ಲಿದ್ದೀರೋ ಅದರ ಆಸುಪಾಸಿನಲ್ಲಿ ಖಾಲಿ ಕೂತವರು ಯಾರೋ ಅವರೇ ನಿಮ್ಮ ಎದುರಾಳಿ. ಗೆದ್ದರೆ 2 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಆಟ ಮುಗಿದ ಮರುಕ್ಷಣ ಮತ್ತೆ ಸಾಲಿಗೆ. ಕುಕ್ಕರ್ ಕೂಗಿತು, ಬಾಗಿಲಲ್ಲಿ ಕೊರಿಯರ್‌ನವನು ನಿಂತ ಎಂದರೆ ವಿರಾಮದ ಗುಂಡಿ ಒತ್ತಿ ಎದ್ದುಹೋಗಬಹುದು, ವಾಪಸ್ ಬಂದು ಸೇರಿಕೊಳ್ಳಬಹುದು.

ಇದರಲ್ಲಿ ನನ್ನನ್ನು ದಂಗುಬಡಿಸಿದ್ದು ಅಂಕದ ಲೆಕ್ಕವಲ್ಲ. ಸೋತವರನ್ನು ಹೊರಗೆ ಕಳಿಸುವುದೇ ಇಲ್ಲ ಎನ್ನುವುದು. ನಾನು ಬೆಳೆದದ್ದು ನಾಕೌಟ್ ಲೋಕದಲ್ಲಿ. ದಸರಾ ಕ್ರೀಡಾಕೂಟಕ್ಕೆ ಬೆಳಗಿನ ಬಸ್ಸಿಗೆ ಹೊರಟ ನಮ್ಮೂರ ವಾಲಿಬಾಲ್ ತಂಡ ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ಪಂದ್ಯಾವಳಿಯಿಂದ ಹೊರಗೆ. ಬಸ್ಸಿಳಿದವರ ಮುಖ ನೋಡಿಯೇ ಊರಿಗೆ ಫಲಿತಾಂಶ ಗೊತ್ತಾಗುತ್ತಿತ್ತು, ಆದರೂ "ಏನಾತ್ರೋ?" ಎಂದು ಪ್ರತಿ ಜಗಲಿಯಿಂದಲೂ ಕೇಳುತ್ತಿದ್ದರು. ಅಂಪೈರಿನ ಮೋಸ, ಚೆಂಡಿನ ಗಾಳಿ, ಎದುರು ತಂಡದಲ್ಲಿ ಆಡಿದ ಹೊರಗಿನ ಹುಡುಗ, ಇಷ್ಟನ್ನೂ ಪ್ರತಿ ಜಗಲಿಯಲ್ಲೂ ನಿಂತು ವಿವರಿಸಿ ಮನೆ ಮುಟ್ಟುವಷ್ಟರಲ್ಲಿ ಕತ್ತಲೆ. ಅರೀನಾದಲ್ಲಿ ಈ ಯಾವ ತಾಪತ್ರಯವೂ ಇಲ್ಲ. ಸೋತ ನಾಲ್ಕಾರು ಸೆಕೆಂಡಿಗೆ ಇನ್ನೊಬ್ಬ ಎದುರಾಳಿ ಸಿಗುತ್ತಾನೆ, ಅವನಿಗೂ ಸೋಲುತ್ತೇನೆ. ಒಂದು ಗಂಟೆ ಸತತವಾಗಿ ಸೋತರೂ ನಾನು ಟೂರ್ನಮೆಂಟಿನ ಒಳಗೇ ಇರುತ್ತೇನೆ. ಯಾರೂ ಹೊರಡು ಎನ್ನುವುದಿಲ್ಲ. ಏನಾತ್ರೋ ಎನ್ನುವವರೂ ಇಲ್ಲ.

ಊರ ಟೌನ್‌ಹಾಲಿನಲ್ಲಿ ಭಾನುವಾರ ನಡೆಯುವ ಪಂದ್ಯಾವಳಿಗಳ ಪದ್ಧತಿ ಬೇರೆ. ಅದಕ್ಕೆ ಸ್ವಿಸ್ ಎಂದು ಹೆಸರು. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಆಡಿಸಿದ್ದರಿಂದ ಬಂದ ಹೆಸರು. ಅಲ್ಲೂ ಸೋತವರನ್ನು ಕಳಿಸುವುದಿಲ್ಲ, ಸಮಾನ ಅಂಕದವರನ್ನು ಹುಡುಕಿ ಜೋಡಿ ಮಾಡುತ್ತಾರೆ, ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ. ಆದರೆ ಸುತ್ತು ಎಂದರೆ ಸುತ್ತು. ಮದುವೆಮನೆಯ ಪಂಕ್ತಿಗೆ ಕೂತಂತೆ ಅದು: ಕೊನೆಯ ಎಲೆಯ ಅಜ್ಜ ಮಜ್ಜಿಗೆ ಅನ್ನ ಮುಗಿಸಿ ಏಳುವವರೆಗೆ ಮೊದಲ ಎಲೆಯವನೂ ಕೈ ಒಣಗಿಸಿಕೊಂಡು ಕೂತಿರಬೇಕು. ಅರೀನಾ ಬಫೆ, ಉಂಡವನು ಹೊರಡುತ್ತಾನೆ, ಹಸಿದವನು ಮತ್ತೆ ತಟ್ಟೆ ಹಿಡಿಯುತ್ತಾನೆ. ಆನ್‌ಲೈನಿನಲ್ಲೂ ಸ್ವಿಸ್ ಉಂಟು, ಅದಕ್ಕೆ ಲೀಚೆಸ್‌ನಲ್ಲಿ ಯಾವುದಾದರೊಂದು ತಂಡಕ್ಕೆ ಸೇರಿರಬೇಕು. ಹೊಸಬರಿಗೆ ನನ್ನ ಸಲಹೆ: ಮೊದಲು ಬಫೆ. ಸೋತದ್ದನ್ನು ನೆನೆಯುತ್ತ ಕೂರಲು ಅಲ್ಲಿ ಬಿಡುವಿರುವುದಿಲ್ಲ.

ಟೌನ್‌ಹಾಲಿನಲ್ಲೂ ಒಮ್ಮೆ ಆಡಿದೆ. ಗೋಡೆಗೆ ಅಂಟಿಸಿದ ಜೋಡಿಪಟ್ಟಿಯ ಮುಂದೆ ತಾಯಂದಿರ ನೂಕುನುಗ್ಗಲು, ಹೊರಗೆ ಮರದ ಕೆಳಗೆ ಚಿತ್ರಾನ್ನದ ಡಬ್ಬಿಗಳು. ನನಗೆ ಸಿಕ್ಕ ಎದುರಾಳಿಗೆ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಎರಡು ಜಡೆ, ಒಂದು ನೀರಿನ ಬಾಟಲಿ. ಅವಳು ಕಾಲು ತೂಗಾಡಿಸುತ್ತ ನನ್ನ ಮಂತ್ರಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಮುಗಿದ ಮೇಲೆ ಎದ್ದು ನಿಂತು ಕೈ ಚಾಚಿದಳು. ನಾನೂ ಎದ್ದೆ. ಆ ಪುಟ್ಟ ಅಂಗೈ ಬೆವರಿತ್ತು. ಅವಳಿಗೂ ಭಯವಾಗಿತ್ತು ಎಂದು ಗೊತ್ತಾದಾಗ ನನಗಾದ ಸಮಾಧಾನವನ್ನು ಯಾವ ಅಂಕಪಟ್ಟಿಯೂ ಕೊಡಲಾರದು. ಹೊರಗೆ ಅವಳ ಅಮ್ಮ, "ಅಂಕಲ್ ಚೆನ್ನಾಗಿ ಆಡಿದ್ರಾ ಪುಟ್ಟಿ?" ಎಂದು ಕೇಳಿದ್ದು ಕಿವಿಗೆ ಬಿತ್ತು. "ಪರ್ವಾಗಿಲ್ಲ" ಎಂದಳು.

ಇನ್ನು ಗಡಿಯಾರದ ವಿಷಯ. ಚದುರಂಗದಲ್ಲಿ ನಿಜವಾದ ಎದುರಾಳಿ ಅದೇ. ಅರೀನಾದ ಪಟ್ಟಿಯಲ್ಲಿ 1+0, 3+2, 10+0 ಎಂದೆಲ್ಲ ಬರೆದಿರುತ್ತಾರೆ. ಮೊದಲ ಅಂಕಿ ಒಬ್ಬೊಬ್ಬರಿಗೆ ಎಷ್ಟು ನಿಮಿಷ ಎನ್ನುವುದು, ಎರಡನೆಯದು ಪ್ರತಿ ನಡೆಗೆ ಪ್ರಸಾದರೂಪದಲ್ಲಿ ಸಿಗುವ ಸೆಕೆಂಡುಗಳು. ಒಂದು ನಿಮಿಷದ ಆಟಕ್ಕೆ ಬುಲೆಟ್ ಎನ್ನುತ್ತಾರೆ. ಅದು ನನ್ನಂಥವರಿಗಲ್ಲ. ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಮುಗಿದಿರುತ್ತದೆ. ನಾನು ಹತ್ತು ನಿಮಿಷದ ರ‍್ಯಾಪಿಡ್ ಗಿರಾಕಿ. ಆಟ ಶುರುವಾದಾಗ ಮೊದಲ ನಡೆಗೂ ಒಂದು ಗಡುವು ಇರುತ್ತದೆ. ಅಷ್ಟರೊಳಗೆ ಕಾಯಿ ಕದಲಿಸದಿದ್ದರೆ ಆಡದೆಯೇ ಸೋಲು. ಬಾಯಿಗೆ ಕವಳ ಹಾಕಿಕೊಂಡು ನಿಧಾನಕ್ಕೆ ಶುರುಮಾಡೋಣ ಎಂಬ ಮಾತೇ ಇಲ್ಲ.

ನನಗೆ ಚದುರಂಗ ಕಲಿಸಿದ ಚಿಕ್ಕಪ್ಪ ಇದನ್ನೆಲ್ಲ ನೋಡಿದ್ದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. ಸಾಗರದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ, ಮಳೆಗಾಲದ ಮೂರು ತಿಂಗಳು, ಒಂದು ಬಟ್ಟೆಯ ಹಾಸು. ಕಪ್ಪು ಸೈನ್ಯದ ಒಂದು ಆನೆ ಕಳೆದುಹೋಗಿ ಅದರ ಜಾಗದಲ್ಲಿ ಒಂದು ಗೋಟಡಿಕೆ ಚಾಕರಿ ಮಾಡುತ್ತಿತ್ತು. ಆಟ ಮಧ್ಯಾಹ್ನ ಶುರುವಾದರೆ ದನ ಬರುವ ಹೊತ್ತಿಗೆ ನಿಲ್ಲುತ್ತಿತ್ತು, ಊಟವಾದ ಮೇಲೆ ಮುಂದುವರಿಯುತ್ತಿತ್ತು. ಮಾರನೆಯ ದಿನಕ್ಕೆ ಉಳಿದರೆ ಹಾಸಿನ ಮೇಲೆ ಕುಕ್ಕೆ ಬೋರಲು ಹಾಕಿಡುತ್ತಿದ್ದರು, ಬೆಕ್ಕು ಕಾಯಿ ಕದಲಿಸದಿರಲೆಂದು. ಚಿಕ್ಕಪ್ಪನಿಗೆ ಪೋಸ್ಟ್ ಕಾರ್ಡಿನಲ್ಲಿ ಆಡುವ ಒಬ್ಬ ಗೆಳೆಯರೂ ಇದ್ದರು, ಘಟ್ಟದ ಕೆಳಗಿನವರು. ಹದಿನೈದು ಪೈಸೆಯ ಕಾರ್ಡಿಗೆ ಒಂದು ನಡೆ. ಮೇಲೆ ಉಭಯಕುಶಲೋಪರಿ, ಅಡಿಕೆ ಧಾರಣೆ, ಮಗಳ ಬಾಣಂತನ, ಕೊನೆಯ ಸಾಲಿನಲ್ಲಿ ಕುದುರೆ. ಒಂದು ಆಟ ಎಂದರೆ ಒಂದು ಮಳೆಗಾಲದಿಂದ ಇನ್ನೊಂದಕ್ಕೆ. ಕಾರ್ಡು ಬಾರದೆ ಹದಿನೈದು ದಿನವಾದರೆ ಚಿಕ್ಕಪ್ಪ ಆಟದ ಚಿಂತೆ ಬಿಟ್ಟು ಆ ಮನುಷ್ಯನ ಆರೋಗ್ಯದ ಚಿಂತೆ ಮಾಡುತ್ತಿದ್ದರು. ನನ್ನ ಈಗಿನ ಎದುರಾಳಿಗಳಲ್ಲಿ ಒಬ್ಬ ಮಧ್ಯೆ ಮಾಯವಾದರೆ ಪರದೆಯ ಮೇಲೆ ಸೂಚನೆ ಬರುತ್ತದೆ: ಎದುರಾಳಿ ಹೋಗಿದ್ದಾನೆ, ಗೆಲುವನ್ನು ಪಡೆಯಬಹುದು. ನಾನು ತಡಮಾಡದೆ ಪಡೆಯುತ್ತೇನೆ.

ವಾಪಸ್ ತೆಗೆದುಕೊಳ್ಳುವ ವಿಚಾರ ಒಂದಿದೆ. ಟೂರ್ನಮೆಂಟಿನಲ್ಲಿ ನಡೆದ ನಡೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಬೆರಳು ಜಾರಿ ಮಂತ್ರಿ ಒಂದು ಮನೆ ಆಚೆ ಇಳಿದರೆ ಇಳಿದದ್ದೇ. ಸ್ನೇಹಕ್ಕೆ ಆಡುವ ಆಟದಲ್ಲಾದರೆ ಬೇಡಿಕೆ ಸಲ್ಲಿಸಬಹುದು, ಎದುರಾಳಿ ಒಪ್ಪಬೇಕು. ಚಿಕ್ಕಪ್ಪನ ಕಾಯಿದೆ ಉದಾರವಾಗಿತ್ತು. ನಾನು ತಪ್ಪು ನಡೆ ಇಟ್ಟಾಗ ಅವರು ಏನೂ ಹೇಳದೆ, ಕೈಯಲ್ಲಿದ್ದ ಅಡಕತ್ತರಿ ನಿಲ್ಲಿಸಿ, ಕಾಯಿಯನ್ನೇ ನೋಡುತ್ತಿದ್ದರು. ಆ ಮೌನಕ್ಕೆ ನಾನು ಕಾಯಿಯನ್ನು ಹಿಂದಕ್ಕಿಟ್ಟು ಬೇರೆ ಯೋಚಿಸುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಕಾಲೇಜಿನ ರಜೆಗೆ ಬಂದಾಗ ಒಂದು ಸಂಜೆ ಆಕಸ್ಮಿಕವಾಗಿ ಗೆದ್ದೆ. ಚಿಕ್ಕಪ್ಪ ಹಾಸನ್ನು ಎರಡು ಸಲ ಪರಿಶೀಲಿಸಿ, "ಹೌದು" ಎಂದರು. ಮಾರನೆಯ ದಿನ ಆಡುವಾಗ ನಾನು ಎಂದಿನ ಒಂದು ಪೆದ್ದು ನಡೆ ಇಟ್ಟೆ. ಅಡಕತ್ತರಿ ನಿಲ್ಲಲಿಲ್ಲ. ಚಿಕ್ಕಪ್ಪ ಕೈ ಚಾಚಿ ನನ್ನ ಒಂಟೆಯನ್ನು ಎತ್ತಿಕೊಂಡರು. ನನ್ನ ಹೆಸರಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಅಳಿಸಿದ್ದು ಅವತ್ತು ಎಂದು ಈಗ ತೋರುತ್ತದೆ.

ಅರೀನಾಕ್ಕೆ ವಾಪಸ್ ಬರೋಣ. ಅಲ್ಲಿ ಎರಡು ಪ್ರಲೋಭನೆಗಳಿವೆ, ಹೊಸಬರು ತಿಳಿದಿರಬೇಕು. ಸತತ ಎರಡು ಆಟ ಗೆದ್ದರೆ ನಿಮ್ಮ ಹೆಸರಿನ ಪಕ್ಕ ಬೆಂಕಿಯ ಚಿತ್ರ ಬರುತ್ತದೆ. ಆಮೇಲಿನ ಗೆಲುವಿಗೆ 4 ಅಂಕ, ಡ್ರಾಕ್ಕೆ 2. ಗೆಲುವು ತಪ್ಪಿದ ಕೂಡಲೇ ಬೆಂಕಿ ಆರುತ್ತದೆ. ನನಗೆ ಬೆಂಕಿ ಹತ್ತಿದ ಸಂಜೆ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, "ಫೋನ್ ಬಿಸಿಯಾಗಿದ್ಯಾ?" ಎಂದಳು. ವಿವರಿಸುವಷ್ಟರಲ್ಲಿ ನನ್ನ ಗಡಿಯಾರ ಮುಗಿದು ಬೆಂಕಿ ಆರಿತ್ತು.

ಎರಡನೆಯದು ಬರ್ಸರ್ಕ್. ಆಟದ ಶುರುವಿನಲ್ಲಿ ಆ ಗುಂಡಿ ಒತ್ತಿದರೆ ನಿಮ್ಮ ಸಮಯ ಅರ್ಧಕ್ಕರ್ಧ ಕಡಿತ, ನಡೆಗೆ ಸಿಗುವ ಹೆಚ್ಚುವರಿ ಸೆಕೆಂಡುಗಳೂ ರದ್ದು. ಪ್ರತಿಯಾಗಿ, ಕನಿಷ್ಠ ಏಳು ನಡೆಯಾದರೂ ಆಡಿ ಗೆದ್ದರೆ ಒಂದು ಅಂಕ ಮೇಲೋಗರ. ಹದಿಹರೆಯದವರು ಒತ್ತುತ್ತಾರೆ. ನನ್ನೊಡನೆ ಜೋಡಿಯಾದವರು ನನ್ನ ಅಂಕ ನೋಡಿದ ಕೂಡಲೇ ಒತ್ತುತ್ತಾರೆ. ಟಣ್ ಎಂದು ಸದ್ದಾಗಿ ಅವರ ಗಡಿಯಾರ ಐದು ನಿಮಿಷಕ್ಕೆ ಇಳಿಯುವುದನ್ನು ನೋಡುವಾಗ ಆಗುವ ಅವಮಾನ ಸೋಲಿನದಕ್ಕಿಂತ ದೊಡ್ಡದು. ಅವರನ್ನು ಸೋಲಿಸಿದರೆ ಮಾತ್ರ ಆ ರಾತ್ರಿಯ ನಿದ್ದೆ ಸೊಗಸು.

ಹೊತ್ತು ಮುಗಿಯುವ ಕ್ಷಣದಲ್ಲಿ ಇನ್ನೊಂದು ಕೌತುಕ. ಟೂರ್ನಮೆಂಟಿನ ಗಡಿಯಾರ ಸೊನ್ನೆ ಮುಟ್ಟಿದಾಗ ಪಟ್ಟಿ ಹೆಪ್ಪುಗಟ್ಟುತ್ತದೆ. ಆಗ ನಡೆಯುತ್ತಿರುವ ಆಟಗಳನ್ನು ಆಡಿ ಮುಗಿಸಬೇಕು, ಆದರೆ ಅದು ಟೂರ್ನಮೆಂಟಿನ ಲೆಕ್ಕಕ್ಕಿಲ್ಲ. ಅತ್ತ ಮೊದಲ ಮೂವರಿಗೆ ಪರದೆಯ ಮೇಲೆ ಕಪ್ಪು ಕೊಟ್ಟಾಗಿರುತ್ತದೆ, ಇತ್ತ ನಾನು ಮತ್ತು ಅರ್ಜೆಂಟೀನಾದ ಧ್ವಜ ಹಾಕಿಕೊಂಡ ಯಾರೋ ಒಬ್ಬರು, ಎರಡು ಕಾಲಾಳು ಒಂದು ರಾಜನನ್ನಿಟ್ಟುಕೊಂಡು, ಯಾರಿಗೂ ಬೇಡವಾದ ಯುದ್ಧವನ್ನು ಕೊನೆಯವರೆಗೆ ಹೋರಾಡುತ್ತಿರುತ್ತೇವೆ. ನನಗೆ ರಾತ್ರಿ ಹತ್ತು, ಅಲ್ಲಿ ಮಧ್ಯಾಹ್ನ ಒಂದೂವರೆ. ಆತ ಊಟ ಬಿಟ್ಟು ಬಂದಿದ್ದಾನೋ, ಉಂಡು ಬಂದಿದ್ದಾನೋ, ಗಂಡಸೋ ಹೆಂಗಸೋ, ಎರಡು ಜಡೆಯ ಹುಡುಗಿಯೋ, ತಿಳಿಯುವ ದಾರಿಯಿಲ್ಲ. ವಿಶ್ವ ಚಾಂಪಿಯನ್ ಆಗಿದ್ದ ಮ್ಯಾಗ್ನಸ್ ಕಾರ್ಲ್‌ಸನ್ ಕೂಡ ಈ ತಾಣದಲ್ಲಿ ಅಡ್ಡಹೆಸರಿನಲ್ಲಿ ಆಡಿದ್ದುಂಟು. ಅವರು ನನಗೆ ಸಿಕ್ಕಿಲ್ಲ. ಸಿಕ್ಕಿದ್ದರೂ ಸೋಲಿನಲ್ಲಿ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಮಾತಾಡಲು ವ್ಯವಸ್ಥೆ ಇಲ್ಲವೆಂದಲ್ಲ. ಮಾತುಗಳನ್ನು ಗುಂಡಿ ಮಾಡಿಟ್ಟಿದ್ದಾರೆ. ಶುರುವಿನಲ್ಲಿ ಒತ್ತಲು ನಮಸ್ಕಾರ, ಶುಭವಾಗಲಿ, ಖುಷಿಯಾಗಿ ಆಡಿ, ನಿಮಗೂ ಹಾಗೇ ಆಗಲಿ ಎಂಬ ನಾಲ್ಕು. ಮುಗಿದ ಮೇಲೆ ಒತ್ತಲು ಒಳ್ಳೆಯ ಆಟ, ಚೆನ್ನಾಗಿ ಆಡಿದಿರಿ, ಧನ್ಯವಾದ, ಹೊರಡಬೇಕು, ಬರುತ್ತೇನೆ. ಎಲ್ಲವೂ ಇಂಗ್ಲಿಷಿನ ಎರಡು ಮೂರು ಅಕ್ಷರಗಳಲ್ಲಿ. ನಾನು ಹಳೇ ಕಾಲದವನು, ಸೋತಾಗ ತಪ್ಪದೆ "ಚೆನ್ನಾಗಿ ಆಡಿದಿರಿ" ಒತ್ತುತ್ತೇನೆ. ಅಷ್ಟರಲ್ಲಿ ಎದುರಾಳಿ ಮುಂದಿನ ಆಟದ ನಾಲ್ಕನೆಯ ನಡೆಯಲ್ಲಿರುತ್ತಾನೆ. ಚಿಕ್ಕಪ್ಪ ಗೆಲ್ಲುವ ಹಂತಕ್ಕೆ ಬಂದರೆ ಮೂಗಿನಲ್ಲೇ ಯಕ್ಷಗಾನದ ಪದ ಗುನುಗುತ್ತಿದ್ದರು, ಸೋಲುವ ಸೂಚನೆ ಸಿಕ್ಕರೆ ಮಳೆಯ ಬಗ್ಗೆ ಮಾತೆತ್ತುತ್ತಿದ್ದರು. ಅವರ ಎದುರು ಆಡುವವನು ಹಾಸನ್ನು ನೋಡಬೇಕಾದ್ದೇ ಇರಲಿಲ್ಲ, ಕಿವಿ ಸಾಕಿತ್ತು.

ಯಂತ್ರದ ಒಂದು ಉಪಕಾರವನ್ನು ಮಾತ್ರ ಮರೆಯುವಂತಿಲ್ಲ. ಚಿಕ್ಕಪ್ಪ ನನಗಿಂತ ಬಹಳ ಮೇಲಿದ್ದರು. ಆಫೀಸಿನಲ್ಲಿ ಕ್ಯಾರಂ ಆಡುವಾಗ ಸಿಕ್ಕವರೂ ಮೇಲಿನವರೇ. ನನ್ನಷ್ಟೇ ಕೆಟ್ಟದಾಗಿ ಆಡುವ ಮನುಷ್ಯರು ಭೂಮಿಯ ಮೇಲೆ ಇರಬಹುದು ಎಂಬ ಕಲ್ಪನೆಯೇ ನನಗಿರಲಿಲ್ಲ. ಅವರು ಸಾವಿರಗಟ್ಟಲೆ ಇದ್ದಾರೆ ಎಂದು ತೋರಿಸಿಕೊಟ್ಟದ್ದು ಯಂತ್ರ. ಇರಾನ್, ಇಟಲಿ, ಫಿಲಿಪ್ಪೀನ್ಸ್ ಎಂದು ಲೋಕದ ಉದ್ದಗಲಕ್ಕೂ ಚದುರಿಹೋಗಿರುವ, ಕುದುರೆಯನ್ನು ಪುಕ್ಕಟೆ ಕೊಟ್ಟು ಎರಡು ನಡೆಯ ನಂತರ ಗಮನಿಸುವ ಆ ನನ್ನ ಬಂಧುಬಳಗವನ್ನು ಗಂಟೆಗೊಮ್ಮೆ ಒಂದೆಡೆ ಸೇರಿಸುತ್ತದೆ. 1500ಕ್ಕಿಂತ ಕೆಳಗಿನವರಿಗೆಂದೇ ಬೇರೆ ಅರೀನಾಗಳನ್ನು ನಡೆಸುತ್ತದೆ. ಅಲ್ಲಿ ಅರ್ಧ ಗೆಲ್ಲುತ್ತೇನೆ, ಅರ್ಧ ಸೋಲುತ್ತೇನೆ. ಗೆದ್ದರೂ ಸೋತರೂ ಮೂರು ದಿನದಲ್ಲಿ ಅಂಕ ಇದ್ದಲ್ಲಿಗೇ ಬಂದು ನಿಲ್ಲುತ್ತದೆ. ನ್ಯಾಯವೇ ಸರಿ. ಆದರೆ ಗೆದ್ದೆ ಎಂದು ಹಾಸನ್ನು ಎರಡು ಸಲ ನೋಡಿ "ಹೌದು" ಎನ್ನುವವರು ಬೇಕಿದ್ದರೆ ಸಮಬಲದವರು ಪ್ರಯೋಜನಕ್ಕೆ ಬರುವುದಿಲ್ಲ.

ಸಮಬಲದವರ ನಡುವೆ ಆಗಾಗ ಕಳ್ಳರೂ ಇರುತ್ತಾರೆ. ಪಕ್ಕದಲ್ಲಿ ಇನ್ನೊಂದು ಪರದೆ ತೆರೆದು ಸ್ಟಾಕ್‌ಫಿಶ್ ಎಂಬ ತಂತ್ರಾಂಶವನ್ನು ಕೇಳಿಕೊಂಡು ಆಡುವವರು. ಅದು ಪುಕ್ಕಟೆ ಸಿಗುತ್ತದೆ, ಯಾವ ಗ್ರ್ಯಾಂಡ್‌ಮಾಸ್ಟರನ್ನೂ ಮಣಿಸುತ್ತದೆ. ತಾಣದವರು ಕಣ್ಣಿಟ್ಟಿರುತ್ತಾರೆ, ಸಿಕ್ಕಿಬಿದ್ದವರ ಖಾತೆಗೆ ಮುದ್ರೆ ಬೀಳುತ್ತದೆ, ಅವರಿಂದ ಕಳೆದುಕೊಂಡ ಅಂಕ ಕೆಲವೊಮ್ಮೆ ನಮಗೆ ವಾಪಸ್ ಬರುತ್ತದೆ. ದೊಡ್ಡವರ ಮಧ್ಯೆಯೂ ಇದು ನಡೆದದ್ದಿದೆ. 2021ರ ಜೂನ್ 13ರಂದು ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಗಣ್ಯರೊಂದಿಗೆ ಆನ್‌ಲೈನಿನಲ್ಲಿ ಆಡಿದರು. ನಮ್ಮ ಕಿಚ್ಚ ಸುದೀಪ್ ಕೂಡ ಆಡಿದ್ದರು. ಸೋತರು, ಮರ್ಯಾದೆಯಿಂದ ಸೋತರು. ಬೆಂಗಳೂರಿನ ಒಬ್ಬ ಯುವ ಉದ್ಯಮಿ ಮಾತ್ರ ಆನಂದ್‌ರನ್ನು ಸೋಲಿಸಿಬಿಟ್ಟರು. ಮಾರನೆಯ ದಿನ, ಕಂಪ್ಯೂಟರಿನ ಸಹಾಯ ಇತ್ತು ಎಂದು ತಾವೇ ಹೇಳಿಕೊಂಡರು. ಎದುರುಮನೆಯ ಹುಡುಗನಿಗೆ ನಾನು ಈ ಕತೆ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಐದು ಸಲ ವಿಶ್ವ ಚಾಂಪಿಯನ್ ಆದವರ ಎದುರು ಗೆದ್ರೆ ಯಾರು ನಂಬ್ತಾರೆ ಅಂದ್ಕೊಂಡಿದ್ರು?" ನಾನು ಉತ್ತರಿಸಲಿಲ್ಲ. ಚಿಕ್ಕಪ್ಪ ಎದ್ದು ಒಳಗೆ ಹೋದಾಗ ಹಾಸಿನ ಮೇಲೆ ಕಾಲಾಳೊಂದು ತಾನಾಗಿಯೇ ಒಂದು ಮನೆ ಮುಂದೆ ಹೋದದ್ದುಂಟು.

ನೆಟ್ ಹೋಗುವ ಸಂಕಟವನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ. ಮೊದಲ ಮಳೆಗೆ ಕರೆಂಟು, ಎರಡನೆಯದಕ್ಕೆ ಟವರು. ಗೆಲ್ಲುವ ಆಟ ಕೈಯಲ್ಲಿದ್ದಾಗ ಪರದೆ ನಿಂತಲ್ಲೇ ನಿಂತು, ಗಡಿಯಾರ ಮಾತ್ರ ಎಲ್ಲೋ ದೂರದ ಯಂತ್ರದಲ್ಲಿ ಓಡುತ್ತಿರುತ್ತದೆ. ಇದಕ್ಕೆ ಅಳಬಾರದು ಎಂದು ನನಗೆ ಕಲಿಸಿದ್ದು 2020ರ ಆನ್‌ಲೈನ್ ಒಲಿಂಪಿಯಾಡ್. ಕ್ವಾರ್ಟರ್ ಫೈನಲ್ಲಿನಲ್ಲಿ ನಮ್ಮ ವಿರುದ್ಧ ಆಡುತ್ತಿದ್ದ ಅರ್ಮೇನಿಯದ ಆಟಗಾರನೊಬ್ಬನ ಸಂಪರ್ಕ ಕಡಿಯಿತು. ಅವರು ದೂರು ಕೊಟ್ಟರು, ದೂರು ತಿರಸ್ಕೃತವಾಯಿತು, ಅರ್ಮೇನಿಯ ಸಿಟ್ಟಿನಿಂದ ಹೊರನಡೆಯಿತು. ಆಗಸ್ಟ್ 30ರ ಫೈನಲ್ಲಿನಲ್ಲಿ ರಷ್ಯದ ಎದುರು ನಮ್ಮ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶಮುಖ್ ಇಬ್ಬರ ಸಂಪರ್ಕವೂ ಕಡಿಯಿತು. ಈ ಸಲ ಜಗತ್ತಿನ ಹಲವೆಡೆ ಇಂಟರ್‌ನೆಟ್ ಕೈಕೊಟ್ಟಿತ್ತು. ಫಿಡೆ ಅಧ್ಯಕ್ಷರು ಯೋಚಿಸಿ ಎರಡೂ ದೇಶಕ್ಕೆ ಚಿನ್ನ ಹಂಚಿದರು. ಅರ್ಮೇನಿಯದವರ ಮನೆಗಳಲ್ಲಿ ಅವತ್ತು ಏನು ಮಾತಾಡಿಕೊಂಡಿರಬಹುದು ಎಂದು ನಾನು ಈಗಲೂ ಯೋಚಿಸುವುದಿದೆ.

ಈಚೆಗೆ ನಮ್ಮದೇ ಒಂದು ಟೂರ್ನಮೆಂಟ್ ಶುರುವಾಗಿದೆ. ಖಾತೆಯಿದ್ದ ಯಾರು ಬೇಕಾದರೂ ಅರೀನಾ ಏರ್ಪಡಿಸಬಹುದು, ಗುಪ್ತಪದ ಇಟ್ಟು ನಮ್ಮವರನ್ನಷ್ಟೇ ಬಿಟ್ಟುಕೊಳ್ಳಬಹುದು ಎಂದು ಕಂಡುಹಿಡಿದವನು ಚಿಕ್ಕಪ್ಪನ ಡಲ್ಲಾಸ್ ಮೊಮ್ಮಗ. ಭಾನುವಾರ ಸಂಜೆ ನಮಗೆ, ಅವನಿಗೆ ಬೆಳಗ್ಗೆ. ಹುಬ್ಬಳ್ಳಿಯಿಂದ ಅಣ್ಣ, ಪುಣೆಯಿಂದ ಚಿಕ್ಕಪ್ಪನ ಮಗಳು, ಊರಲ್ಲೇ ಉಳಿದ ಅವಳ ತಮ್ಮ, ನಾನು, ಎದುರುಮನೆಯ ಹುಡುಗ ಅತಿಥಿ ಆಟಗಾರ. ಜತೆಗೆ ವಾಟ್ಸ್ಯಾಪ್ ಕರೆಯೂ ಚಾಲೂ ಇರಬೇಕೆಂದು ಪುಣೆಯವಳ ಷರತ್ತು. ಹಾಗಾಗಿ ಇಲ್ಲಿ ಗುಂಡಿ ಒತ್ತಿ ಮಾತಾಡುವ ಅಗತ್ಯವಿಲ್ಲ. "ಏ, ಅದ್ ನೋಡ್ಲಿಲ್ಲ, ವಾಪಸ್ ಕೊಡೋ" ಎಂದು ಅಣ್ಣ ಹುಬ್ಬಳ್ಳಿಯಿಂದ ಕೂಗುತ್ತಾನೆ. ಯಂತ್ರ ಕೊಡುವುದಿಲ್ಲ. ಮೊದಲ ವಾರವೇ ಡಲ್ಲಾಸ್ ಹುಡುಗ ಅಣ್ಣನ ಎದುರು ಬರ್ಸರ್ಕ್ ಒತ್ತಿದ. ಹಿರಿಯರ ಎದುರು ಅರ್ಧ ಗಡಿಯಾರದಲ್ಲಿ ಆಡುವುದೆಂದರೇನು ಎಂದು ದೊಡ್ಡ ಪಂಚಾಯಿತಿಯಾಯಿತು. ಅರೀನಾ ಏರ್ಪಡಿಸುವವರು ಬರ್ಸರ್ಕ್ ಬೇಡವೆಂದು ಆರಿಸಿಕೊಳ್ಳಬಹುದು ಎಂದು ತಿಳಿದ ಮೇಲೆ ಎಲ್ಲರಿಗೂ ನಿರಾಳ. ಬೆಂಕಿ ಇರಲಿ ಎಂದು ಬಹುಮತದಿಂದ ತೀರ್ಮಾನವಾಯಿತು.

ಕಳೆದ ವಾರ ಪುಣೆಯವಳು ಇನ್ನೊಂದು ತಗಾದೆ ಎತ್ತಿದಳು. ಅಪ್ಪ ಕಲಿಸಿದ್ದು ಈ ಆಟವೇ ಅಲ್ಲ ಎಂದಳು. ನಿಜ. ನಮ್ಮ ಜಗಲಿಯ ಚದುರಂಗದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಕೋಟೆ ಕಟ್ಟುವುದು ಇರಲಿಲ್ಲ, ಅದರ ಬದಲು ರಾಜನಿಗೆ ಆಯುಷ್ಯದಲ್ಲಿ ಒಂದೇ ಒಂದು ಸಲ ಕುದುರೆಯ ಹಾರಿಕೆ. ಭಾರತದ ಹಳೆಯ ಆಟ ಬೇರೆ ಬೇರೆ ಊರುಗಳಲ್ಲಿ ಇಂಥದೇ ಸಣ್ಣಪುಟ್ಟ ಭೇದಗಳಲ್ಲಿ ನಡೆಯುತ್ತಿತ್ತು. ಡಲ್ಲಾಸ್ ಹುಡುಗ ತಾಣದಲ್ಲೆಲ್ಲ ಹುಡುಕಿದ. ಕಾಯಿಗಳು ಸಿಡಿಯುವ ಆಟವಿದೆ, ಎಲ್ಲವನ್ನೂ ಕಳೆದುಕೊಂಡವನು ಗೆಲ್ಲುವ ಆಟವಿದೆ, ಬರೀ ಕಾಲಾಳುಗಳ ದಂಡು ಕಟ್ಟಿಕೊಂಡು ಆಡುವುದೂ ಇದೆ, ನಮ್ಮ ಜಗಲಿಯದು ಮಾತ್ರ ಇಲ್ಲ. ಹುಡುಗ ತಂತ್ರಾಂಶದವನು. ಲೀಚೆಸ್‌ನ ಸಂಕೇತವೆಲ್ಲ ಯಾರು ಬೇಕಾದರೂ ತೆಗೆದು ತಿದ್ದಿಕೊಳ್ಳುವಂತೆ ಬಿಚ್ಚಿಟ್ಟಿದ್ದಾರೆ, ರಜೆಯಲ್ಲಿ ಕೂತರೆ ಅಜ್ಜನ ಆಟವನ್ನು ನಾನೇ ಕಟ್ಟಬಲ್ಲೆ, ನಿಯಮಗಳನ್ನು ಮಾತ್ರ ಸ್ಪಷ್ಟವಾಗಿ ಬರೆದು ಕಳಿಸಿ ಎಂದ.

ಬರೆಯಲು ಕೂತೆವು. ರಾಜ ಒಮ್ಮೆ ಚೆಕ್ ಬಿದ್ದ ಮೇಲೂ ಕುದುರೆ ಹಾರಿಕೆ ಹಾರಬಹುದೇ? ಹಾರಬಹುದು ಎಂದು ಅಣ್ಣ. ಖಂಡಿತ ಇಲ್ಲ, ಚೆಕ್ ಬಿದ್ದರೆ ಆ ಹಕ್ಕು ಹೋಯಿತು ಎಂದು ನಾನು. ಕೊನೆಯ ಮನೆ ಮುಟ್ಟಿದ ಕಾಲಾಳು ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿಯೇ ಆಗಬೇಕು ಎಂದು ಪುಣೆಯವಳು, ಹಾಗಾದರೆ ರಾಜನ ಸಾಲಿನಲ್ಲಿ ಮುಟ್ಟಿದರೆ ಏನಾಗುತ್ತದೆ ಎಂದು ಅವಳ ತಮ್ಮ. ಅಪ್ಪ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೆ ಮಕ್ಕಳಿಬ್ಬರೂ ಎರಡು ಉತ್ತರ ಕೊಟ್ಟರು. ಇಬ್ಬರೂ ಕಣ್ಣಾರೆ ಕಂಡದ್ದೇ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗ ಇದೆ, ಆಟಗಳ ಬಗ್ಗೆಯೇ ಇದೆ, ಅದರಲ್ಲಿ ನೋಡೋಣ ಎಂದೆ. ಮೈಸೂರು ಅರಮನೆಯದನ್ನು ತಂದು ನಮ್ಮ ಜಗಲಿಗೆ ಹಚ್ಚಬೇಡ ಎಂದು ಅಣ್ಣ ಗದರಿದ. ಡಲ್ಲಾಸ್ ಹುಡುಗ ಮೊದಮೊದಲು ಟೈಪು ಮಾಡಿಕೊಳ್ಳುತ್ತಿದ್ದ. ಆಮೇಲೆ ನಿಲ್ಲಿಸಿ, ಅಜ್ಜ ನಿಮ್ಮೆಲ್ಲರ ಹತ್ತಿರವೂ ಒಂದೇ ಆಟ ಆಡುತ್ತಿದ್ದರೋ, ಒಬ್ಬೊಬ್ಬರ ಹತ್ತಿರ ಒಂದೊಂದೋ ಎಂದು ಕೇಳಿದ. ಅದನ್ನು ಯಾರೂ ಯೋಚಿಸಿರಲಿಲ್ಲ. ಊರಲ್ಲಿರುವ ತಮ್ಮ, ಅಟ್ಟ ಹತ್ತಿ ಹಾಸು ಹುಡುಕುತ್ತೇನೆ ಎಂದಿದ್ದಾನೆ. ಹಾಸು ಸಿಕ್ಕರೂ ಅದರಲ್ಲಿ ನಿಯಮ ಬರೆದಿರುವುದಿಲ್ಲ ಎಂದು ಪುಣೆಯವಳು. ಮುಂದಿನ ಭಾನುವಾರ ಮೊದಲ ಅರ್ಧ ಗಂಟೆ ಚರ್ಚೆ, ಆಮೇಲೆ ಅರೀನಾ.